ಗಡಿಯಾಚೆಯ ಮತಸ್ವಾತಂತ್ರ್ಯ ಮತ್ತು ರಾಜ್ಯಶಕ್ತಿ



ಮನುಷ್ಯನೊಬ್ಬನು ಯಾವ ದೇವರನ್ನು ಪೂಜಿಸಬೇಕು, ಯಾವ ವಿಧಿಯಿಂದ ಪ್ರಾರ್ಥಿಸಬೇಕು, ಅಥವಾ ಯಾವ ದೇವರನ್ನೂ ನಂಬದೆ ಸಜ್ಜನನಾಗಿ ಬಾಳಬಹುದೇ ಎಂಬುದನ್ನು ನಿರ್ಣಯಿಸುವ ಅಧಿಕಾರವು ಅವನನ್ನು ಆಳುವ ಸರ್ಕಾರಕ್ಕೆ ಇಲ್ಲವೆಂಬುದನ್ನು ಇಂದಿನ ಲೋಕವು ತತ್ತ್ವತಃ ಒಪ್ಪಿಕೊಂಡಿದೆ. ನಮ್ಮ ಸಂವಿಧಾನದ 25ನೆಯ ವಿಧಿಯು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಈ ದೇಶದ ಪ್ರಜೆಗಳಿಗಷ್ಟೇ ಅಲ್ಲದೆ ಇಲ್ಲಿರುವ ಸಮಸ್ತ ವ್ಯಕ್ತಿಗಳಿಗೂ ಅನುಗ್ರಹಿಸಿರುವುದು ಆ ಒಪ್ಪಿಗೆಯ ಒಂದು ಉದಾತ್ತವಾದ ರೂಪ. ಆದರೆ ಒಂದು ದೇಶದ ಸರ್ಕಾರವು ತನ್ನ ಪ್ರಜೆಯಿಂದ ಈ ಸ್ವಾತಂತ್ರ್ಯವನ್ನು ಅಪಹರಿಸಿದಾಗ, ಸಮುದ್ರದಾಚೆಯ ಮತ್ತೊಂದು ಸರ್ಕಾರವು ಅದನ್ನು ಪ್ರಶ್ನಿಸಬಹುದೇ, ಪ್ರಶ್ನಿಸುವುದಾದರೆ ಯಾವ ಅಧಿಕಾರದಿಂದ, ಯಾವ ಸಾಧನದಿಂದ, ಯಾವ ನೈತಿಕ ಬಲದಿಂದ ಎಂಬುದು ಇನ್ನೂ ಇತ್ಯರ್ಥವಾಗದಿರುವ ಪ್ರಶ್ನೆ. ಅದೇ ಇಂದಿನ ಉಪನ್ಯಾಸದ ವಸ್ತು.

ನನ್ನ ನಿಲುವನ್ನು ಆರಂಭದಲ್ಲಿಯೇ ನಿವೇದಿಸುವುದು ಯುಕ್ತ. ಒಂದು ರಾಷ್ಟ್ರದೊಳಗೆ ನಡೆಯುವುದೆಲ್ಲವೂ ಆ ರಾಷ್ಟ್ರದ ಗೃಹಕೃತ್ಯವೇ, ಹೊರಗಿನವರು ತುಟಿ ತೆರೆಯಕೂಡದು ಎಂಬ ವಾದವನ್ನು ನಾನು ಸ್ವೀಕರಿಸಲಾರೆ; ನಂಬಿಕೆಯ ಕಾರಣದಿಂದ ಕಾರಾಗೃಹವನ್ನು ಸೇರಿದವನಿಗೆ ಸಾರ್ವಭೌಮತ್ವದ ಸಿದ್ಧಾಂತವು ಯಾವ ಸಾಂತ್ವನವನ್ನೂ ಕೊಡಲಾರದು. ಆದರೆ ಹಾಗೆ ಮಾತನಾಡುವ ಸರ್ಕಾರವು, ಪೀಡಿತನು ತನ್ನ ಮತದವನಲ್ಲದಿದ್ದಾಗಲೂ ಮಾತನಾಡೀತೇ, ಪೀಡಕನು ತನ್ನ ಮಿತ್ರನಾಗಿದ್ದಾಗಲೂ ಮಾತನಾಡೀತೇ, ಆ ಪೀಡಿತನೇ ಓಡಿಬಂದು ತನ್ನ ಬಾಗಿಲನ್ನು ತಟ್ಟಿದಾಗ ಕದ ತೆರೆದೀತೇ ಎಂಬುದರ ಮೇಲೆ ಅದರ ಮಾತಿನ ಬೆಲೆ ನಿಂತಿದೆ. ಈ ಮೂರರಲ್ಲಿ ಕಡೆಯದೇ ಅತ್ಯಂತ ಕಠಿನವಾದದ್ದು. ಅದೇ ಅತ್ಯಂತ ಫಲಪ್ರದವಾದದ್ದೂ ಹೌದೆಂಬುದನ್ನು ಇತಿಹಾಸದ ಆಧಾರದಿಂದ ತಮ್ಮ ಮುಂದಿಡಲು ಯತ್ನಿಸುತ್ತೇನೆ.

ಈ ಬಗೆಯ ಪ್ರಯತ್ನ ಹೊಸದೇನಲ್ಲ. 1655ರ ಏಪ್ರಿಲ್ ತಿಂಗಳಿನಲ್ಲಿ ಆಲ್ಪ್ಸ್ ಪರ್ವತದ ತಪ್ಪಲಿನ ಪೀಡ್‌ಮಾಂಟ್ ಕಣಿವೆಗಳಲ್ಲಿ, ವಾಲ್ಡೆನ್ಸಿಯನ್ನರೆಂಬ ಅಲ್ಪಸಂಖ್ಯಾತ ಪ್ರಾಟೆಸ್ಟೆಂಟ್ ಜನಾಂಗದ ಮೇಲೆ ಸವಾಯ್ ದೇಶದ ಡ್ಯೂಕನ ಸೈನ್ಯವು ಬಿದ್ದು ಸ್ತ್ರೀಬಾಲವೃದ್ಧರೆನ್ನದೆ ಸಂಹರಿಸಿದ ವಾರ್ತೆಯು ಲಂಡನ್ ನಗರವನ್ನು ಮುಟ್ಟಿದಾಗ, ಆಗ ಇಂಗ್ಲೆಂಡಿನ ಅಧಿಪತಿಯಾಗಿದ್ದ ಆಲಿವರ್ ಕ್ರಾಮ್‌ವೆಲ್ ದೇಶವೆಲ್ಲ ಉಪವಾಸವನ್ನಾಚರಿಸುವಂತೆ ಆಜ್ಞೆಮಾಡಿ, ತನ್ನ ಕೈಯಿಂದ 2000 ಪೌಂಡುಗಳನ್ನು ಕೊಟ್ಟು, ಒಟ್ಟು ಸುಮಾರು 38,000 ಪೌಂಡುಗಳಷ್ಟು ಪರಿಹಾರನಿಧಿಯನ್ನು ಕೂಡಿಸಿ, ಸ್ಯಾಮ್ಯುಯೆಲ್ ಮೊರ್ಲಂಡ್ ಎಂಬ ದೂತನನ್ನು ಡ್ಯೂಕನ ಆಸ್ಥಾನಕ್ಕೆ ಅಟ್ಟಿದನು. ಯೂರೋಪಿನ ರಾಜರಿಗೆ ಹೋದ ಲ್ಯಾಟಿನ್ ಪತ್ರಗಳನ್ನು ರಚಿಸಿದವನು, ಅಷ್ಟರಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಮಹಾಕವಿ ಮಿಲ್ಟನ್. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಪಿನೆರೋಲೋ ಎಂಬಲ್ಲಿ ಸಂಧಿಯಾಗಿ ಉಳಿದ ಜನಕ್ಕೆ ತಮ್ಮ ಕಣಿವೆಗಳಿಗೆ ಮರಳುವ ಅವಕಾಶವಾಯಿತು. ಪರದೇಶದ ಪೀಡಿತರಿಗಾಗಿ ಒಂದು ರಾಜ್ಯವು ಮಾತಿನಿಂದಲೂ ಧನದಿಂದಲೂ ದೌತ್ಯದಿಂದಲೂ ಶ್ರಮಿಸಿದ ಈ ಪ್ರಸಂಗವನ್ನು ಓದುವಾಗ ಯಾರ ಮನಸ್ಸಾದರೂ ಆರ್ದ್ರವಾಗುತ್ತದೆ. ಆದರೆ ಅದೇ ಕ್ರಾಮ್‌ವೆಲ್ಲನ ಸೈನ್ಯವು ಆರು ವರ್ಷಗಳ ಹಿಂದೆ ಐರ್ಲೆಂಡಿನ ಡ್ರೊಹೆಡಾ ಪಟ್ಟಣದಲ್ಲಿ ರಕ್ತದ ಕೋಡಿಯನ್ನು ಹರಿಸಿತ್ತು. ಪೀಡ್‌ಮಾಂಟಿಗೆ ಪತ್ರಗಳು ಹೋಗುತ್ತಿದ್ದ ಆ ದಿನಗಳಲ್ಲಿಯೇ ಐರಿಷ್ ಕ್ಯಾಥೊಲಿಕ್ಕರು ತಮ್ಮ ಭೂಮಿಯನ್ನು ಕಳೆದುಕೊಂಡು ಪಶ್ಚಿಮದ ಬರಡು ಸೀಮೆಗೆ ನೂಕಲ್ಪಡುತ್ತಿದ್ದರು. ಪರದೇಶದಲ್ಲಿರುವ ಸ್ವಮತೀಯನಿಗಾಗಿ ಮಿಡಿದ ಹೃದಯವು ತನ್ನ ಆಳ್ವಿಕೆಯಲ್ಲಿಯೇ ಇದ್ದ ಅನ್ಯಮತೀಯನ ವಿಷಯದಲ್ಲಿ ಶಿಲೆಯಾಗಿತ್ತು.

ಸ್ವಮತೀಯರ ರಕ್ಷಣೆಯೆಂಬ ಧ್ಯೇಯವು ಸಾಮ್ರಾಜ್ಯಗಳ ಕೈಗೆ ಸಿಕ್ಕಾಗ ಏನಾಗುವುದೆಂಬುದಕ್ಕೆ ರಷ್ಯ ದೇಶದ ಚರಿತ್ರೆಯೇ ಸಾಕು. 1774ರ ಕುಚುಕ್ ಕೈನಾರ್ಜಾ ಸಂಧಿಯ ವಾಕ್ಯಗಳನ್ನು ಆಧಾರವಾಗಿಟ್ಟುಕೊಂಡು, ತುರ್ಕಿ ಸುಲ್ತಾನನ ಆಡಳಿತದಲ್ಲಿದ್ದ ಆರ್ಥೊಡಾಕ್ಸ್ ಕ್ರೈಸ್ತರೆಲ್ಲರಿಗೂ ತಾನೇ ಪಾಲಕನೆಂದು ಸಾಧಿಸಹೊರಟ ಜಾರ್ ದೊರೆಯ ಹಕ್ಕುದಾರಿಕೆಯು 1853ರಲ್ಲಿ ಕ್ರಿಮಿಯ ಯುದ್ಧಕ್ಕೆ ಕಾರಣಗಳಲ್ಲೊಂದಾಯಿತು. ಇಂದಿಗೂ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಬಲಿಷ್ಠ ರಾಷ್ಟ್ರವೊಂದು ಮಾತನಾಡಿದೊಡನೆ ದುರ್ಬಲ ರಾಷ್ಟ್ರಗಳು ಶಂಕೆಯಿಂದ ನೋಡುವುದಕ್ಕೆ ಈ ಪೂರ್ವಚರಿತ್ರೆಯೇ ಕಾರಣ. ಆ ಶಂಕೆಯು ನಿರಾಧಾರವಾದದ್ದೆಂದು ಯಾರೂ ಹೇಳಲಾಗದು.

ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನವು ನನಗೆ ಬಹಳ ಪ್ರಿಯವಾದದ್ದು. 1840ರಲ್ಲಿ ಡಮಾಸ್ಕಸ್ ನಗರದಲ್ಲಿ ಕ್ರೈಸ್ತ ಸಂನ್ಯಾಸಿಯೊಬ್ಬನೂ ಅವನ ಸೇವಕನೂ ಕಾಣೆಯಾದಾಗ, ಯೆಹೂದ್ಯರು ತಮ್ಮ ಆಚರಣೆಗಾಗಿ ನರರಕ್ತವನ್ನು ಬಳಸುವರೆಂಬ ಪುರಾತನವಾದ ಘೋರ ಮಿಥ್ಯಾಪವಾದವು ಮತ್ತೆ ತಲೆಯೆತ್ತಿ, ಅಲ್ಲಿಯ ಯೆಹೂದ್ಯ ಪ್ರಮುಖರನ್ನು ಬಂಧಿಸಿ ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಫ್ರಾನ್ಸಿನ ಪ್ರತಿನಿಧಿಯೇ ಈ ಅಪವಾದಕ್ಕೆ ಬೆಂಬಲವಾಗಿ ನಿಂತಿದ್ದನು. ಇಂಗ್ಲೆಂಡಿನಿಂದ ಮೋಸೆಸ್ ಮಾಂಟೆಫಿಯೋರೆಯೂ ಫ್ರಾನ್ಸಿನಿಂದ ಅಡಾಲ್ಫ್ ಕ್ರೆಮ್ಯೂ ಎಂಬ ನ್ಯಾಯವಾದಿಯೂ ಈಜಿಪ್ಟಿಗೆ ಧಾವಿಸಿ ಮಹಮದ್ ಅಲಿ ಪಾಷಾನ ಮುಂದೆ ವಾದಿಸಿ ಬದುಕುಳಿದ ಬಂದಿಗಳನ್ನು ಬಿಡಿಸಿದರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ವಿದೇಶಾಂಗ ಸಚಿವ ಜಾನ್ ಫೋರ್ಸೈತ್ ಅಲೆಕ್ಸಾಂಡ್ರಿಯದಲ್ಲಿದ್ದ ತನ್ನ ರಾಯಭಾರ ಪ್ರತಿನಿಧಿಗೆ ಪತ್ರ ಬರೆದು, ಈ ಅನ್ಯಾಯವನ್ನು ತಡೆಯಲು ಶ್ರಮಿಸಬೇಕೆಂದು ಸೂಚಿಸಿದನು. ಆ ಬಂದಿಗಳು ಅಮೆರಿಕದ ಪ್ರಜೆಗಳಲ್ಲ, ಸಚಿವನ ಮತದವರಲ್ಲ, ಅವರಿಂದ ಅಮೆರಿಕಕ್ಕೆ ಆಗಬೇಕಾದ ಲಾಭವೂ ಇರಲಿಲ್ಲ. ಸ್ವಜನವಲ್ಲದವರಿಗಾಗಿ ಒಂದು ಸರ್ಕಾರವು ಬರೆದ ಕಾಗದವೆಂಬ ಕಾರಣಕ್ಕಾಗಿಯೇ ಅದು ಕ್ರಾಮ್‌ವೆಲ್ಲನ ಪತ್ರಗಳಿಗಿಂತ ಮಿಗಿಲೆಂದು ನನ್ನ ಭಾವನೆ.

ಆ ಭಾವವು ಲೋಕದ ಘೋಷಣೆಯಾಗಲು ಇನ್ನೂ ನೂರೆಂಟು ವರ್ಷ ಬೇಕಾಯಿತು. 1948ರ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದಾಗ 48 ರಾಷ್ಟ್ರಗಳು ಪರವಾಗಿ ನಿಂತು, 8 ರಾಷ್ಟ್ರಗಳು ತಟಸ್ಥವಾಗಿ, ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಅದರ 18ನೆಯ ವಿಧಿಯು ನಂಬುವ ಸ್ವಾತಂತ್ರ್ಯವನ್ನಷ್ಟೇ ಅಲ್ಲದೆ ಮತವನ್ನು ಬದಲಾಯಿಸುವ ಸ್ವಾತಂತ್ರ್ಯವನ್ನೂ ಸ್ಪಷ್ಟವಾಗಿ ಹೇಳುತ್ತದೆ. ಈ ಮಾತಿಗೆ ಸೌದಿ ಅರೇಬಿಯವು ಆಕ್ಷೇಪಣೆಯನ್ನೆತ್ತಿತು. ಆಗ ಖುರಾನಿನ ಆಧಾರದಿಂದಲೇ ಆ ವಿಧಿಯನ್ನು ಸಮರ್ಥಿಸಿ, ತನ್ನ ದೇಶದ ಮತವನ್ನು ಅದಕ್ಕೆ ಕೊಡಿಸಿದವರು ಪಾಕಿಸ್ತಾನದ ವಿದೇಶಾಂಗ ಸಚಿವ ಸರ್ ಮಹಮದ್ ಜಫ್ರುಲ್ಲಾ ಖಾನ್.

ಆ ಮಹನೀಯರ ಜೀವನವನ್ನು ಸ್ವಲ್ಪ ಸಾವಕಾಶವಾಗಿ ನೆನೆಯಬೇಕು. ಅವರು ಅಹಮದೀಯ ಪಂಥದವರು. ಪ್ಯಾರಿಸ್ಸಿನ ಆ ಭಾಷಣವಾಗಿ ಐದು ವರ್ಷ ತುಂಬುವಷ್ಟರಲ್ಲಿ, 1953ರಲ್ಲಿ, ಲಾಹೋರಿನಲ್ಲಿ ಅಹಮದೀಯರ ವಿರುದ್ಧ ದೊಂಬಿಗಳೆದ್ದು, ಜಫ್ರುಲ್ಲಾ ಖಾನರನ್ನು ಸಚಿವಪದವಿಯಿಂದ ತೆಗೆಯಬೇಕೆಂಬ ಕೂಗು ಕೇಳಿಬಂದು, ನಗರದಲ್ಲಿ ಸೈನಿಕ ಶಾಸನವನ್ನು ಹೇರಬೇಕಾಯಿತು. ಅವರು ಮುಂದೆ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಆ ಪೀಠದಿಂದ ನಿವೃತ್ತರಾದ ಮರುವರ್ಷ, 1974ರಲ್ಲಿ, ಅವರ ಸ್ವದೇಶದ ಸಂವಿಧಾನಕ್ಕೆ ಎರಡನೆಯ ತಿದ್ದುಪಡಿಯಾಗಿ ಅಹಮದೀಯರು ಮುಸಲ್ಮಾನರಲ್ಲವೆಂದು ಶಾಸನವೇ ಸಾರಿತು. 1984ರ ಸುಗ್ರೀವಾಜ್ಞೆಯಾದರೋ ಅವರು ತಮ್ಮನ್ನು ಮುಸಲ್ಮಾನರೆಂದು ಹೇಳಿಕೊಳ್ಳುವುದನ್ನೂ ಆಜಾನ್ ಕೂಗುವುದನ್ನೂ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಯೋಗ್ಯವಾದ ಅಪರಾಧವನ್ನಾಗಿ ಮಾಡಿತು. ಅದರ ಮರುವರ್ಷ ಜಫ್ರುಲ್ಲಾ ಖಾನರು ಲಾಹೋರಿನಲ್ಲಿಯೇ ಕಣ್ಮುಚ್ಚಿದರು. ಲೋಕದ ಜನರೆಲ್ಲರ ಅಂತಃಸಾಕ್ಷಿಗಾಗಿ ವಾದಿಸಿದ ವೃದ್ಧನು ತನ್ನ ನಂಬಿಕೆಗೆ ತಾನೇ ಹೆಸರಿಟ್ಟುಕೊಳ್ಳುವ ಹಕ್ಕನ್ನು ಕಳೆದುಕೊಂಡು ಮಡಿದುದು ನಮ್ಮ ಉಪಖಂಡದ ದುಃಖಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಘೋಷಣೆಯು ಘೋಷಣೆಯಾಗಿಯೇ ಉಳಿಯದೆ ಒಂದು ರಾಷ್ಟ್ರದ ವಿದೇಶಾಂಗ ನೀತಿಗೆ ಅಂಗವಾದುದು ಅಮೆರಿಕದಲ್ಲಿ, 1998ರ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯಿಂದ. ಫ್ರಾಂಕ್ ವುಲ್ಫ್ ಮೊದಲಾದ ಶಾಸಕರು ಆರಂಭಿಸಿದ ಈ ಚಳವಳಿಯ ಹಿಂದೆ ಪ್ರಧಾನವಾಗಿ ಪರದೇಶದ ಕ್ರೈಸ್ತರ ಸಂಕಟದ ಕಳಕಳಿಯಿದ್ದುದು ನಿಜ. ಆದರೆ ಕಾಯಿದೆಯ ಅಂತಿಮ ರೂಪವು ಯಾವ ಒಂದು ಮತಕ್ಕೂ ಮೀಸಲಾಗದೆ ಎಲ್ಲರನ್ನೂ ಒಳಗೊಂಡಿತು. ಸೆನೆಟ್ ಸಭೆಯಲ್ಲಿ 98 ಮತಗಳು ಪರವಾಗಿ ಬಿದ್ದು ವಿರೋಧವೇ ಇಲ್ಲದೆ ಅಂಗೀಕೃತವಾಗಿ, ಅಕ್ಟೋಬರ್ 27ರಂದು ಅಧ್ಯಕ್ಷ ಕ್ಲಿಂಟನ್ನರ ಅಂಕಿತವನ್ನು ಪಡೆಯಿತು. ಇದರ ಪ್ರಕಾರ ವಿದೇಶಾಂಗ ಇಲಾಖೆಯಲ್ಲಿ ವಿಶೇಷ ರಾಯಭಾರಿಯೊಬ್ಬರಿರತಕ್ಕದ್ದು. ಅನ್ಯದೇಶಗಳ ಸ್ಥಿತಿಗತಿಯನ್ನು ಕುರಿತು ಪ್ರತಿವರ್ಷವೂ ವರದಿಯಾಗತಕ್ಕದ್ದು. ಸರ್ಕಾರದ ಅಂಕೆಗೆ ಒಳಪಡದ ಒಂಬತ್ತು ಸದಸ್ಯರ ಆಯೋಗವೊಂದು ಪ್ರತ್ಯೇಕವಾಗಿ ತನ್ನ ಶಿಫಾರಸುಗಳನ್ನು ಕೊಡತಕ್ಕದ್ದು. ಅತಿಘೋರವಾದ ಉಲ್ಲಂಘನೆಗಳನ್ನೆಸಗುವ ದೇಶಗಳನ್ನು ವಿಶೇಷ ಕಳವಳದ ರಾಷ್ಟ್ರಗಳೆಂದು ಹೆಸರಿಸಿ, ಗೋಪ್ಯವಾದ ಆಕ್ಷೇಪಣೆಯಿಂದ ಹಿಡಿದು ಆರ್ಥಿಕ ನಿರ್ಬಂಧದವರೆಗಿನ ಹದಿನೈದು ಬಗೆಯ ಕ್ರಮಗಳಲ್ಲಿ ಕಠಿನವಾದವುಗಳಲ್ಲೊಂದನ್ನು ಕೈಗೊಳ್ಳತಕ್ಕದ್ದು. 2016ರ ತಿದ್ದುಪಡಿಯಿಂದ ಯಾವ ದೇವರನ್ನೂ ನಂಬದವರಿಗೂ ಈ ರಕ್ಷೆಯು ವಿಸ್ತರಿಸಿತು. ಒಂದು ಬಲಿಷ್ಠ ರಾಷ್ಟ್ರವು ತನ್ನ ವಿದೇಶಾಂಗ ಇಲಾಖೆಯು ನಂಬಿಕೆಗಾಗಿ ಸೆರೆಯಾದವರ ಹೆಸರುಗಳನ್ನು ಬರೆದಿಡಬೇಕೆಂದು ಕಾನೂನಿನಿಂದ ವಿಧಿಸಿಕೊಂಡದ್ದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಪಟ್ಟಿಯನ್ನು ಮಾಡುವುದು ಸುಲಭ, ಪಟ್ಟಿಗೆ ತಕ್ಕಂತೆ ನಡೆಯುವುದು ದುಸ್ತರ. ಇಸ್ಲಾಮೇತರವಾದ ಯಾವ ಮತದ ಬಹಿರಂಗ ಆರಾಧನೆಗೂ ಎಡೆಕೊಡದ ಸೌದಿ ಅರೇಬಿಯವು 2004ರಿಂದ ಪಟ್ಟಿಯಲ್ಲಿದ್ದರೂ, ರಾಷ್ಟ್ರಹಿತದ ಕಾರಣವನ್ನು ಮುಂದುಮಾಡಿ ಕ್ರಮದಿಂದ ವಿನಾಯಿತಿಯನ್ನು ಪಡೆಯುತ್ತಲೇ ಬಂದಿದೆ. 1999ರ ಮೊದಲನೆಯ ಪಟ್ಟಿಯಿಂದಲೂ ಹೆಸರಿರುವ ಚೀನಾ ದೇಶದ ಮೇಲೆ ಈ ಕಾಯಿದೆಯ ನಿಮಿತ್ತ ಹೇಳಲಾಗುವ ನಿರ್ಬಂಧವು, ತಿಯಾನನ್‌ಮೆನ್ ಚೌಕದ ಹತ್ಯಾಕಾಂಡದ ತರುವಾಯ ಬೇರೆಯ ಶಾಸನದಿಂದ ವಿಧಿಸಿದ್ದ ಹಳೆಯ ನಿರ್ಬಂಧವೇ ಆಗಿದೆ. ಕಾಯಿದೆಯ ಮೇರೆಗೆ ಹೊಸದಾಗಿ ದಂಡನೆಯನ್ನು ಮೊದಲು ಅನುಭವಿಸಿದುದು, 2005ರಲ್ಲಿ, ಬಡ ಎರಿಟ್ರಿಯ. ತೈಲವೂ ಇಲ್ಲದ, ಮಿತ್ರರೂ ಇಲ್ಲದ ದೇಶ. ಅಲ್ಲಿಯ ಆಡಳಿತವು ದಂಡನೆಗೆ ಅರ್ಹವಾಗಿರಲಿಲ್ಲವೆಂದಲ್ಲ: 2002ರಲ್ಲಿ ನಾಲ್ಕು ಪಂಥಗಳನ್ನುಳಿದು ಮಿಕ್ಕೆಲ್ಲ ಆರಾಧನಾ ಸ್ಥಳಗಳ ಬಾಗಿಲನ್ನು ಅದು ಮುಚ್ಚಿಸಿತ್ತು, ಅನುಮತಿಯಿದ್ದ ಆರ್ಥೊಡಾಕ್ಸ್ ಸಭೆಯ ಮಹಾಗುರು ಅಬೂನೆ ಆಂಟೋನಿಯೋಸರನ್ನೇ ಮುಂದೆ ಪೀಠದಿಂದಿಳಿಸಿ ಗೃಹಬಂಧನದಲ್ಲಿಟ್ಟಿತು. ಅವರು 2022ರ ಫೆಬ್ರುವರಿಯಲ್ಲಿ ಆ ಬಂಧನದಲ್ಲಿಯೇ ದೇಹವನ್ನು ಬಿಟ್ಟರು. ದಂಡನೆಯಿಂದ ಅವರಿಗೆ ಬಿಡುಗಡೆಯಾಗಲಿಲ್ಲ. ದಂಡಿಸುವವನು ಬಲಿಷ್ಠ ಮಿತ್ರರನ್ನು ಬಿಟ್ಟು ದುರ್ಬಲರನ್ನೇ ಆರಿಸಿಕೊಳ್ಳುವನೆಂಬ ಭಾವನೆಯು ಮಾತ್ರ ಲೋಕದಲ್ಲಿ ಬಲವಾಯಿತು.

ಫಲವೇ ಇಲ್ಲವೆಂದರೆ ಅದು ಅಪಚಾರವಾದೀತು. ವಿಯೆಟ್ನಾಮ್ ದೇಶವು 2004ರಲ್ಲಿ ಪಟ್ಟಿಯನ್ನು ಸೇರಿ, ವಾಣಿಜ್ಯ ಸಂಬಂಧದ ಅಪೇಕ್ಷೆಯಿಂದ ಮರುವರ್ಷ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡು, ಬಲಾತ್ಕಾರದಿಂದ ಮತತ್ಯಾಗ ಮಾಡಿಸುವುದನ್ನು ನಿಷೇಧಿಸಿ, ಮುಚ್ಚಿದ್ದ ಅನೇಕ ಆರಾಧನಾ ಮಂದಿರಗಳನ್ನು ತೆರೆದು, ಕೆಲವು ಬಂದಿಗಳನ್ನು ಬಿಟ್ಟಿತು. 2006ರ ನವೆಂಬರಿನಲ್ಲಿ, ಅಧ್ಯಕ್ಷ ಬುಷ್ ಹನೋಯ್ ನಗರಕ್ಕೆ ಬರುವ ಮುನ್ನಾದಿನಗಳಲ್ಲಿ, ಅದರ ಹೆಸರು ಪಟ್ಟಿಯಿಂದ ಹೊರಬಿದ್ದಿತು. 2007ರ ಮಾರ್ಚಿನಲ್ಲಿ, ಎರಡು ವರ್ಷದ ಹಿಂದೆ ಬಿಡುಗಡೆಯಾಗಿದ್ದ ಕ್ಯಾಥೊಲಿಕ್ ಪಾದ್ರಿ ನುಯೆನ್ ವಾನ್ ಲೀ ಮತ್ತೆ ಎಂಟು ವರ್ಷದ ಸೆರೆವಾಸಕ್ಕೆ ಗುರಿಯಾದರು. ಸುಡಾನ್ ದೇಶದಲ್ಲಿ ಮತತ್ಯಾಗಕ್ಕೆ ಮರಣದಂಡನೆಯನ್ನು ವಿಧಿಸುವ ಕಾನೂನು 2020ರಲ್ಲಿ ರದ್ದಾಯಿತಾದರೂ, ಅದರ ಯಶಸ್ಸು ಮೊದಲು ಸಲ್ಲಬೇಕಾದುದು 2019ರಲ್ಲಿ ಬೀದಿಗಿಳಿದು ಸರ್ವಾಧಿಕಾರಿಯನ್ನು ಕೆಡವಿದ ಆ ದೇಶದ ಸ್ತ್ರೀಪುರುಷರಿಗೆ. ಹೊರಗಿನ ಒತ್ತಡವು ಒಳಗಿನ ಜನರ ಕೈಗೆ ಊರುಗೋಲಾಗಬಲ್ಲುದೇ ಹೊರತು ಅವರ ಬದಲಿಗೆ ನಡೆಯಲಾರದು.

ಇನ್ನು ಕೆನಡದ ವಿಷಯ. ಆ ದೇಶವು 2013ರಲ್ಲಿ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿಯೇ ಒಂದು ಕಚೇರಿಯನ್ನು ತೆರೆದು, ರಾಯಭಾರಿಯನ್ನು ನೇಮಿಸಿ, ಸರ್ಕಾರ ಬದಲಾದ ಮೇಲೆ 2016ರಲ್ಲಿ ಮುಚ್ಚಿಬಿಟ್ಟಿತು. ಮುಚ್ಚಿದುದಕ್ಕೆ ಅನೇಕರು ವ್ಯಸನಪಟ್ಟರು. ಆದರೆ ದೇವನಿಂದೆಯ ಆರೋಪದ ಮೇಲೆ 2010ರಲ್ಲಿ ಮರಣದಂಡನೆಗೆ ಗುರಿಯಾಗಿ, ಪಾಕಿಸ್ತಾನದ ಸರ್ವೋಚ್ಚ ನ್ಯಾಯಾಲಯದಿಂದ 2018ರ ಅಕ್ಟೋಬರಿನಲ್ಲಿ ನಿರ್ದೋಷಿಯೆನಿಸಿದರೂ ಸ್ವದೇಶದಲ್ಲಿ ಜೀವಸಹಿತ ಬಾಳುವ ಭರವಸೆಯಿಲ್ಲದಿದ್ದ ಆಸಿಯಾ ಬೀಬಿ ಎಂಬ ಬಡ ಕ್ರೈಸ್ತ ಕೂಲಿಹೆಂಗಸಿಗೆ 2019ರಲ್ಲಿ ಆಶ್ರಯ ಕೊಟ್ಟುದು, ಕಚೇರಿಯನ್ನು ಮುಚ್ಚಿದ್ದ ಆ ಕೆನಡವೇ. ಆಕೆಯ ಪರವಾಗಿ ಮಾತನಾಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರರೂ, ದೇವನಿಂದೆಯ ಕಾನೂನನ್ನು ಟೀಕಿಸಿದ ಸಚಿವ ಶಹಬಾಜ್ ಭಟ್ಟಿಯವರೂ 2011ರಲ್ಲಿ ಗುಂಡಿಗೆ ಬಲಿಯಾಗಿದ್ದರು. ಅವರ ಧೈರ್ಯಕ್ಕೂ ನ್ಯಾಯಾಧೀಶರ ಧೈರ್ಯಕ್ಕೂ ಫಲ ಸಿದ್ಧಿಸಿದುದು ಒಂದು ದೇಶವು ಬಾಗಿಲನ್ನು ತೆರೆದುದರಿಂದ. ಅತ್ತ ಅಮೆರಿಕದಲ್ಲಿಯೋ, 2018ರಲ್ಲಿಯೂ 2019ರಲ್ಲಿಯೂ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ನಾನಾ ದೇಶಗಳ ಮಂತ್ರಿಗಳ ಮಹಾಸಮ್ಮೇಳನಗಳು ವೈಭವದಿಂದ ನಡೆದುವು. ಆ ದಿನಗಳಲ್ಲಿಯೇ ನಿರಾಶ್ರಿತರ ಪ್ರವೇಶದ ವಾರ್ಷಿಕ ಮಿತಿಯು 45,000ಕ್ಕೂ, 30,000ಕ್ಕೂ, ತರುವಾಯ 18,000ಕ್ಕೂ ಇಳಿಯಿತು. 2016ರಲ್ಲಿ ಆ ದೇಶವು ಸುಮಾರು 85,000 ಮಂದಿಯನ್ನು ಬರಮಾಡಿಕೊಂಡಿತ್ತೆಂಬುದನ್ನು ನೆನೆದರೆ, ಸಮ್ಮೇಳನದಲ್ಲಿ ಯಾರ ಕಣ್ಣೀರಿನ ಕಥೆಯನ್ನು ಕೇಳಿದರೋ ಅವರಿಗೇ ಕದ ಮುಚ್ಚಿದಂತಾಯಿತೆಂಬುದು ವಿಶದವಾಗುತ್ತದೆ.

ನಮ್ಮ ದೇಶವು ಈ ಪ್ರಕರಣದಲ್ಲಿ ಪ್ರೇಕ್ಷಕನಷ್ಟೇ ಅಲ್ಲ. 2005ರಲ್ಲಿ ಅಂದಿನ ಗುಜರಾತಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರ ವೀಸಾವನ್ನು ಅಮೆರಿಕವು 1998ರ ತನ್ನ ಕಾಯಿದೆಯಿಂದ ಬಂದ ಉಪಬಂಧವನ್ನು ಆಧರಿಸಿ ರದ್ದುಪಡಿಸಿತು. 2014ರಲ್ಲಿ ಅವರು ಪ್ರಧಾನಿಯಾದೊಡನೆ ಆಹ್ವಾನಿಸಿತು. ಮೊದಲನೆಯದು ತತ್ತ್ವವಾಗಿದ್ದರೆ ಎರಡನೆಯದಕ್ಕೆ ವಿವರಣೆ ಬೇಕಿತ್ತು. ಎರಡನೆಯದು ಸರಿಯಾಗಿದ್ದರೆ ಮೊದಲನೆಯದಕ್ಕೆ ಬೇಕಿತ್ತು. ಮೇಲೆ ಹೇಳಿದ ಅಮೆರಿಕದ ಆಯೋಗದ ಸದಸ್ಯರಿಗೆ ನಮ್ಮ ಸರ್ಕಾರವು 2009ರಲ್ಲಿಯೂ 2016ರಲ್ಲಿಯೂ, ಎರಡು ಭಿನ್ನ ಪಕ್ಷಗಳ ಆಳ್ವಿಕೆಯಲ್ಲಿ, ವೀಸಾ ಕೊಡಲಿಲ್ಲ. ಒಂದು ರಾಷ್ಟ್ರದ ಸರ್ಕಾರಿ ಆಯೋಗವು ಇನ್ನೊಂದು ರಾಷ್ಟ್ರದ ಪರೀಕ್ಷಕನಾಗುವುದನ್ನು ಸಹಿಸಲಾಗದೆಂಬ ಭಾವನೆಯು ನನಗೆ ಅರ್ಥವಾಗುತ್ತದೆ. ಆದರೆ 2008ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿ ಬಂದ ಅಸ್ಮಾ ಜಹಾಂಗೀರ್ ಅವರನ್ನು, ಪಾಕಿಸ್ತಾನದ ಪ್ರಜೆಯಾಗಿದ್ದರೂ, ನಾವು ಬರಗೊಟ್ಟು ದೇಶವನ್ನು ಸಂಚರಿಸಗೊಟ್ಟೆವು; ಅದರಿಂದ ಭಾರತದ ಘನತೆಗೆ ಲೇಶವೂ ಊನವಾಗಲಿಲ್ಲ. ಆ ಆತ್ಮವಿಶ್ವಾಸವೇ ನಮಗೆ ಭೂಷಣವೆಂದು ನನ್ನ ದೃಢವಾದ ಅಭಿಪ್ರಾಯ.

ಪರದೇಶದ ಧರ್ಮಸ್ವಾತಂತ್ರ್ಯಕ್ಕಾಗಿ ಭಾರತವು ಮಾಡಿದ ಅತಿದೊಡ್ಡ ಕಾರ್ಯವು ಯಾವ ಕಾಯಿದೆಯ ಹೆಸರಿನಿಂದಲೂ ನಡೆಯಲಿಲ್ಲ. ಅದರ ಮುಖ್ಯ ಭಾಗವು ಈ ಕನ್ನಡನಾಡಿನಲ್ಲಿಯೇ ನಡೆಯಿತು. 1959ರ ಅಕ್ಟೋಬರಿನಲ್ಲಿ, ಟಿಬೆಟಿನ ಜನರ ಸಾಂಸ್ಕೃತಿಕ ಮತ್ತು ಧಾರ್ಮಿಕ ಜೀವನವನ್ನು ಗೌರವಿಸಬೇಕೆಂಬ ನಿರ್ಣಯವು ವಿಶ್ವಸಂಸ್ಥೆಯಲ್ಲಿ ಬಂದಾಗ ಭಾರತವು ತಟಸ್ಥವಾಗಿತ್ತು. ಆ ಮೌನವು ಪ್ರಶಂಸೆಗೆ ಅರ್ಹವಲ್ಲ. 1965ರಲ್ಲಿ ಅಂಥದೇ ಇನ್ನೊಂದು ನಿರ್ಣಯವನ್ನು ಬೆಂಬಲಿಸಿ ಆ ತಪ್ಪನ್ನು ಭಾರತವೇ ತಿದ್ದಿಕೊಂಡಿತು. ಆದರೆ ಕೈಯೆತ್ತದ ಆ ಭಾರತವೇ ದಲೈಲಾಮಾ ಅವರನ್ನೂ ಅವರ ಹಿಂದೆ ಹಿಮದ ಕಣಿವೆಗಳನ್ನು ದಾಟಿ ಬಂದ ಸಹಸ್ರಾರು ಜನರನ್ನೂ ಒಳಕ್ಕೆ ಕರೆದುಕೊಂಡಿತು. ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ರಾಜಕೀಯ ಕೈದಿಗಳನ್ನಿಟ್ಟಿದ್ದ ಬಂದೀಖಾನೆಯಲ್ಲಿ, ಟಿಬೆಟಿನ ಮಹಾವಿಹಾರಗಳಿಂದ ಬಂದ ಭಿಕ್ಷುಗಳು ಸುಮಾರು ಒಂದು ದಶಕ ತಂಗಿ, ಸೆಕೆಗೂ ಕ್ಷಯರೋಗಕ್ಕೂ ಅನೇಕರು ಬಲಿಯಾದರೂ ಶಾಸ್ತ್ರಾಧ್ಯಯನವನ್ನು ಬಿಡಲಿಲ್ಲ. ಅಷ್ಟರಲ್ಲಿ ಮೈಸೂರು ರಾಜ್ಯದ ಸರ್ಕಾರವು ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ನೆಲವನ್ನು ಕೊಟ್ಟಿತ್ತು. 1961ರ ಸುಮಾರಿಗೆ ಅಲ್ಲಿ ಮೊದಲನೆಯ ವಸತಿಯೆದ್ದು, ಕಾಡನ್ನು ಕಡಿದು ಜೋಳವನ್ನು ಬಿತ್ತುವ ಕೆಲಸಕ್ಕೆ, ಯಾಕ್ ಮೇಯಿಸಿದ್ದ ಕೈಗಳು ಒಗ್ಗಿಕೊಂಡುವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಇನ್ನೊಂದು ವಸತಿಯಾಯಿತು. ಲಾಸಾ ಸೀಮೆಯ ಮೂರು ಮಹಾವಿಹಾರಗಳಲ್ಲಿ ಸೇರಾ ಬೈಲಕುಪ್ಪೆಯಲ್ಲಿಯೂ, ದ್ರೆಪುಂಗ್ ಮತ್ತು ಗಂದೆನ್ ಮುಂಡಗೋಡಿನಲ್ಲಿಯೂ ಮತ್ತೆ ತಲೆಯೆತ್ತಿದುವು. ತಾಯ್ನೆಲದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ವಿಹಾರಗಳು ನೆಲಸಮವಾಗುತ್ತಿದ್ದ ಕಾಲದಲ್ಲಿ ತರ್ಕಶಾಸ್ತ್ರದ ವಾದಪರಂಪರೆಯು ಕಡಿಯದೆ ಉಳಿದುದು, ಮೈಸೂರಿನ ಬಯಲಿನಲ್ಲಿಯೂ ಮಲೆನಾಡಿನ ಅಂಚಿನಲ್ಲಿಯೂ ಅದಕ್ಕೆ ನೆಲೆ ದೊರೆತುದರಿಂದ. ಇಷ್ಟನ್ನು ಸಾಧಿಸಿದ ವಾರ್ಷಿಕ ವರದಿಯನ್ನಾಗಲಿ ನಿರ್ಬಂಧವನ್ನಾಗಲಿ ನಾನು ಕಂಡಿಲ್ಲ.

ಆದರೆ ಈ ಔದಾರ್ಯವು ಕಾರ್ಯಾಂಗದ ಅನುಗ್ರಹವಾಗಿತ್ತೇ ವಿನಾ ನಿರಾಶ್ರಿತನ ಹಕ್ಕಾಗಿರಲಿಲ್ಲ, ಇಂದಿಗೂ ಆಗಿಲ್ಲ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ನಿರಾಶ್ರಿತರನ್ನು ಕುರಿತ ನಮ್ಮದೇ ಆದ ಶಾಸನವೂ ಇಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯು ಮೂರು ನೆರೆಯ ದೇಶಗಳಿಂದ 2014ರ ಅಂತ್ಯದೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವದ ದಾರಿಯನ್ನು ತೆರೆದಿದೆ. ಅವರಲ್ಲಿ ನಿಜವಾಗಿ ನೊಂದವರಿದ್ದಾರೆ, ಅವರಿಗೆ ಒದಗಿದ ರಕ್ಷೆಯು ನ್ಯಾಯವಾದದ್ದೇ. ಆದರೆ ಆ ಮೂರರಲ್ಲಿ ಒಂದಾದ ಪಾಕಿಸ್ತಾನದಲ್ಲಿ ತನ್ನ ಪ್ರಾರ್ಥನೆಗಾಗಿ ಸೆರೆಮನೆಯನ್ನು ಕಾಣುವ ಅಹಮದೀಯನಿಗೆ ಈ ದಾರಿಯಿಲ್ಲ. ಬರ್ಮಾದಿಂದ 2017ರಲ್ಲಿ ಏಳು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಬಾಂಗ್ಲಾದೇಶಕ್ಕೆ ಓಡಿಹೋದ ರೋಹಿಂಗ್ಯಾ ಜನರಿಗೂ ಇಲ್ಲ. ಬೈಲಕುಪ್ಪೆಯಲ್ಲಿ ಮೂರನೆಯ ತಲೆಮಾರನ್ನು ಕಾಣುತ್ತಿರುವ ಟಿಬೆಟಿನವರನ್ನೂ ಆ ಕಾಯಿದೆಯು ಹೆಸರಿಸುವುದಿಲ್ಲ. ಬಂದವನು ಯಾವ ಮತದವನೆಂದು ಕೇಳದೆ, ಯಾವ ಭಯದಿಂದ ಬಂದನೆಂದು ಕೇಳುವ, ಆ ಭಯವು ಸತ್ಯವೇ ಎಂಬುದನ್ನು ನ್ಯಾಯಸಮ್ಮತವಾಗಿ ವಿಚಾರಿಸುವ, ಸತ್ಯವೆಂದು ಕಂಡಮೇಲೆ ಅವನನ್ನು ಮರಳಿ ಆ ಭಯದ ಬಾಯಿಗೆ ನೂಕದಿರುವ ಒಂದು ಆಶ್ರಯ ಶಾಸನವನ್ನು ನಮ್ಮ ಸಂಸತ್ತು ರಚಿಸಬೇಕೆಂದು ನಾನು ಬೇಡುತ್ತೇನೆ. ಇಂಥ ಮಸೂದೆಗಳು ಖಾಸಗಿ ಸದಸ್ಯರಿಂದ ಲೋಕಸಭೆಯ ಮುಂದೆ ಬಂದದ್ದುಂಟು, ಯಾವುದೂ ಕಾನೂನಾಗಲಿಲ್ಲ. ಇಲ್ಲಿರುವ ತರುಣರಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರುವವರು ಹಲವರಿರುವರೆಂದು ಕೇಳಿದ್ದೇನೆ. ಆ ಕರಡುಗಳನ್ನು ತರಿಸಿಕೊಂಡು ಓದಿ, ಅವುಗಳ ಕೊರತೆಗಳನ್ನು ತುಂಬಿ, ತಮ್ಮ ತಮ್ಮ ಕ್ಷೇತ್ರದ ಪ್ರತಿನಿಧಿಗಳ ಮುಂದಿಡಬೇಕೆಂದು ಅವರನ್ನು ಪ್ರಾರ್ಥಿಸುತ್ತೇನೆ.